ತಾಡಪತ್ರಿ ಮತ್ತು ನನ್ನ ನೇರಳೆ ರವಿಕೆ

ಹೊಲಿಗೆ ಬರುತ್ತದೆಂದು ಹೆಂಗಸರು ಯಾರೆದುರಿಗೂ ಬಾಯಿ ಬಿಡಬಾರದು. ಅಡುಗೆ ಬರುತ್ತದೆ ಎಂದರೆ ಜನ ಊಟದ ಹೊತ್ತಿಗೆ ಮಾತ್ರ ಬರುತ್ತಾರೆ. ಹೊಲಿಗೆ ಬರುತ್ತದೆ ಎಂದರೆ ಹೊತ್ತುಗೊತ್ತಿಲ್ಲದೆ ಚೀಲ ಹಿಡಿದು ಬರುತ್ತಾರೆ. ಹೊಸಪೇಟೆಯ ನಮ್ಮ ಮನೆಗೆ ಈ ಪುಟ್ಟ ಮಷೀನು ತಂದದ್ದು ದಿಂಬಿನ ಚೀಲ ಹೊಲಿಯಲೆಂದು. ಮೊದಲು ಓಣಿಯವರ ರವಿಕೆಗಳು ಬಂದವು, ಆಮೇಲೆ ಜೀನ್ಸ್ ಪ್ಯಾಂಟು, ಆಮೇಲೆ ಎದುರು ಮನೆಯವರ ಸ್ಕೂಟರಿನ ಸೀಟು ಕವರು. ಪ್ರತಿ ಸಲವೂ "ಆಗೋದಿಲ್ಲ" ಅನ್ನಲು ಬಾಯಿ ತೆರೆಯುತ್ತೇನೆ, "ಇಟ್ಟು ಹೋಗ್ರಿ" ಎಂದು ಹೊರಬೀಳುತ್ತದೆ. ಈ ಗದ್ದಲದಲ್ಲಿ ನನ್ನದೇ ನೇರಳೆ ರೇಷ್ಮೆಯ ರವಿಕೆ ಬಟ್ಟೆ ಮೂರು ತಿಂಗಳಿಂದ ಕಪಾಟಿನಲ್ಲಿ ಬಿದ್ದಿತ್ತು. ಭಾನುವಾರ ಕಂಪ್ಲಿಯಲ್ಲಿ ತಮ್ಮನ ಗೃಹಪ್ರವೇಶ. ಅದಕ್ಕಾದರೂ ಹೊಸ ರವಿಕೆ ತೊಟ್ಟು ಹೋಗಬೇಕೆಂಬುದು ನನ್ನ ಒಂದೇ ಆಸೆ.

ಬುಧವಾರ ಅದನ್ನು ಕತ್ತರಿಸಿ ಮಷೀನಿನ ಮುಂದೆ ಕುಳಿತೆ. ಅಷ್ಟರಲ್ಲಿ ಪಾಪಿನಾಯಕನಹಳ್ಳಿಯಿಂದ ಮೈದುನ ಬಸವರಾಜ ಬಂದು, ಟ್ರ್ಯಾಕ್ಟರಿನ ಲೋಡಿಗೆ ಮಳೆ ಬೀಳದಂತೆ ಹೊದಿಸುವ ದಪ್ಪನೆಯ ಹರಿದ ತಾಡಪತ್ರಿಯನ್ನು ಪಡಸಾಲೆಯಲ್ಲಿ ಕೆಡವಿದ. "ಅತ್ತಿಗಿ, ಒಂದೇ ಹೊಲಿಗಿ, ಭಾಳ ಇಲ್ಲ."

"ಇದು ಮನಿ ಮಷೀನಪ್ಪ, ಅದಕ್ಕ ದೊಡ್ಡ ಮಷೀನ ಬೇಕು."

"ನಿಮ್ಮ ಕೈಯಾಗ ಎಲ್ಲಾ ಆಗತೈತಿ ಬಿಡ್ರಿ."

ಹೊಗಳಿದರೆ ಅಟ್ಟಕ್ಕೇರುವ ಸ್ವಭಾವ ನನ್ನದು. ನಾಲ್ಕು ಪದರ ಮಡಿಚಿದ ಅಂಚನ್ನು ಸೂಜಿಯ ಕೆಳಗೆ ತುರುಕಿದೆ. ಮೂರು ಸೂಜಿ ಮುರಿದವು. ನಾಲ್ಕನೆಯದಕ್ಕೆ ಮೋಟಾರೇ ಸುಟ್ಟ ವಾಸನೆ ಬಂತು. "ಒಲಿ ಮ್ಯಾಲ ಏನರ ಇಟ್ಟೀರೇನ್ರಿ?" ಎಂದು ಬಸವರಾಜ ವಿಚಾರಿಸಿದ.

ರಿಪೇರಿಯ ಖಾಜಾಸಾಬರು ಮಷೀನು ಬಿಚ್ಚಿ ನೋಡಿ ನಿಟ್ಟುಸಿರು ಬಿಟ್ಟರು. "ಅಕ್ಕಾರ, ರವಿಕಿ, ಲಂಗ ಹೊಲ್ಯಾಕ ಇದು. ತಾಡಪತ್ರಿ, ಸೀಟು, ಇಲ್ಲಾ ದಿನಾ ಮುಂಜಾನಿಂದ ಸಂಜಿತನಕ ಹೊಲ್ಯೋದಿದ್ರ ಕಾರ್ಖಾನಿ ಮಷೀನೇ ಬೇಕು. ಬ್ಯಾಡ ಅನ್ನಾಕ ಇದಕ್ಕ ಬಾಯಿಲ್ಲ. ನಿಮಗೈತೆಲ್ರಿ?" ಶನಿವಾರ ಮಧ್ಯಾಹ್ನಕ್ಕೆ ಕೊಡುತ್ತೇನೆಂದರು. ನನಗೆ ಅಳು ಬರುವುದೊಂದು ಬಾಕಿ.

ಶುಕ್ರವಾರ ಬಸವರಾಜನ ಜೊತೆ ಮರಿಯಮ್ಮನಹಳ್ಳಿಗೆ ಹೋದೆ. ಲಾರಿಯ ತಾಡಪತ್ರಿ ಹೊಲಿಯುವ ಮಲ್ಲಪ್ಪನ ದೊಡ್ಡ ಮಷೀನು ಐದೇ ನಿಮಿಷದಲ್ಲಿ ಕೆಲಸ ಮುಗಿಸಿತು. ನಾನು ಆಸೆಗೆ ಕೇಳಿದೆ: "ಇದರಾಗ ಒಂದು ರೇಷ್ಮಿ ರವಿಕಿ ಆಗತೈತೇನ್ರಿ?"

"ಹರಿದು ಚಿಂದಿ ಮಾಡತೈತ್ರಿ," ಎಂದು ಅವನು ನಕ್ಕ. "ನನ್ನ ಹೆಂಡ್ತಿವೇ ಎರಡು ಹೊಲೀಲಾರದ ಹಂಗ ಬಿದ್ದಾವು." ಅಷ್ಟರಲ್ಲಿ ಆಕೆಯೇ ಚೀಲ ಹಿಡಿದು ಬಂದಳು. "ನೀವು ಚಲೋ ಹೊಲೀತೀರಂತ ಬಸವರಾಜಣ್ಣ ಹೇಳಿದ್ರಕ್ಕ. ಭಾನುವಾರ ತವರಿಗೆ ಹೋಗಬೇಕ್ರಿ." ನನಗೆ ಬಾಯಿದೆ ಎಂದು ಖಾಜಾಸಾಬರು ಹೇಳಿದ್ದು ನೆನಪಾಯಿತು. ಬಾಯಿ ತೆರೆದೆ. "ಕೊಡವ್ವ" ಎಂದಿತು ಅದು.

ಶನಿವಾರ ಮಧ್ಯಾಹ್ನ ಮಷೀನು ಬಂದ ಮೇಲೆ ಸಂಜೆಯವರೆಗೆ ಅವಳ ರವಿಕೆಗಳೇ ಆದವು. ಭಾನುವಾರ ಹಳೆಯ ರವಿಕೆಯಲ್ಲೇ ಕಂಪ್ಲಿಗೆ ಹೋದೆ. ತಮ್ಮನ ಹೆಂಡತಿ ಅದನ್ನು ನೋಡಿ, "ಹೊಲಿಗಿ ಬಿಟ್ಟೀರೇನ್ರಿ ಅಕ್ಕ?" ಎಂದು ಕೇಳಿದಳು. ಇಲ್ಲವೆಂದೆ. ಅವಳ ಮುಖ ಅರಳಿತು. ಹೊರಡುವಾಗ ಮಣೆಯ ಮೇಲೆ ಕೂರಿಸಿ ಅಕ್ಕಿ, ಕೊಬ್ಬರಿ, ಇನ್ನೊಂದು ರವಿಕೆ ಬಟ್ಟೆ ಹಾಕಿ ಉಡಿ ತುಂಬಿದಳು. ಅದರ ಮೇಲೆ ಹೊಸ ಮನೆಯ ಎಂಟು ಕಿಟಕಿಗಳ ದಪ್ಪ ಪರದೆ ಬಟ್ಟೆಯನ್ನೂ ಇಟ್ಟಳು. ಉಡಿಗೆ ಬಿದ್ದದ್ದನ್ನು ಬೇಡ ಅನ್ನಬಾರದಂತೆ. ಸದ್ಯ, ಈ ಸಲ ನನ್ನ ತಪ್ಪೇನೂ ಇಲ್ಲ.