ಅರ್ಧ ಕೋಣೆಯ ರಾಜಿ

ಸೂರಿನ ಹನಿ ನೇರವಾಗಿ ಅಮ್ಮನ ಹೊಟ್ಟೆಯ ಮೇಲೇ ಬೀಳುತ್ತಿತ್ತು. ಸೊಂಟ ಮುರಿದು ಮಲಗಿದ್ದ ಅವಳು ಹೊಟ್ಟೆಯ ಮೇಲೊಂದು ಪಾತ್ರೆ ಇಟ್ಟುಕೊಂಡು, ನೀರು ತುಳುಕದಂತೆ ಹಗುರವಾಗಿ ಉಸಿರಾಡುತ್ತಿದ್ದಳು. ಮಂಚ ಸರಿಸೋಣವೆಂದರೆ ಜಾಗವಿಲ್ಲ. ಕೋಣೆಯ ಉದ್ದವೂ ಮಂಚದ ಉದ್ದವೂ ಒಂದೇ.

ಮಗ ಗುಮಾಸ್ತ. ಎಡಕ್ಕೂ ವಾಲದೆ, ಬಲಕ್ಕೂ ವಾಲದೆ ಸರ್ಕಾರಕ್ಕೆ ಬುದ್ಧಿ ಹೇಳುವ ಚಿಂತನ ಸಂಸ್ಥೆಯೊಂದರಲ್ಲಿ ಕೆಲಸ. ಅದಕ್ಕೇ ಬೀದಿಯವರು ಅವನನ್ನು ತಕ್ಕಡಿ ಎನ್ನುತ್ತಿದ್ದರು. ಅವನ ಬಾಡಿಗೆ ಕೋಣೆಯ ಆಚೀಚೆ ಇದ್ದ ಮನೆಗಳಲ್ಲಿ ಅಣ್ಣ ತಮ್ಮ ಇಬ್ಬರು ಮಾತು ಬಿಟ್ಟು ಬದುಕಿದ್ದರು. ಕೋಣೆ ತನ್ನದು ಎಂದು ಇಬ್ಬರದೂ ಹಟ. ಅಣ್ಣ ಹೆಂಚು ತಂದರೆ ತಮ್ಮ ಏಣಿ ಕಿತ್ತುಕೊಳ್ಳುತ್ತಿದ್ದ. ತಮ್ಮ ಏಣಿ ಹಾಕಿದರೆ ಅಣ್ಣ ಹೆಂಚು ಬಚ್ಚಿಡುತ್ತಿದ್ದ.

“ಲೋಕಕ್ಕೆಲ್ಲ ರಾಜಿ ಹೇಳೋ ಸಂಸ್ಥೆ ನಿಂದು. ನನ್ನ ಹೊಟ್ಟೆ ಮೇಲಿನ ಪಾತ್ರೆ ಇಳಿಸೋಕಾಗಲ್ವೇನೋ?” ಎಂದಳು ಅಮ್ಮ.

ಮಗನಿಗೆ ಚುರುಕ್ಕೆಂದಿತು. ಸಂಸ್ಥೆಯ ಗೋಡೆಯ ಮೇಲಿನ ತತ್ವಗಳು ಅವನಿಗೆ ಬಾಯಿಪಾಠ: ಇಬ್ಬರ ಮಾತೂ ಕೇಳು. ಇಬ್ಬರಿಗೂ ಬೇಕಾದುದನ್ನು ಹುಡುಕು. ಇಡಿಯದು ದಕ್ಕದಿದ್ದರೆ ಅರ್ಧಕ್ಕೆ ಒಪ್ಪಿಸು.

ಬೆಳಿಗ್ಗೆಯೇ ಇಬ್ಬರನ್ನೂ ಕರೆತಂದು ಹೊಸ್ತಿಲ ಮೇಲೆ ಕೂರಿಸಿದ. ಬೈಗುಳ ಮುಗಿಯುವವರೆಗೆ ತಾಳ್ಮೆಯಿಂದ ಕೇಳಿದ. ಆಮೇಲೆ ಮೆಲ್ಲಗೆ, “ಯಜಮಾನ್ರೇ, ನೀವಿಬ್ರೂ ಚಿಕ್ಕಂದಿನಲ್ಲಿ ಎಲ್ಲಿ ಆಡ್ತಿದ್ರಿ?” ಎಂದು ಕೇಳಿದ.

ಅಣ್ಣ ಕೈ ಚಾಚಿ ಕೋಣೆಯ ನೆಲ ಸವರಿದ.

“ಇಲ್ಲೇ. ಆಗ ಇದು ಅಂಗಳ” ಎಂದ ಅಣ್ಣ. ತಮ್ಮನ ಕಡೆ ತಿರುಗಿದ. “ಈ ದರಿದ್ರ ಕೋಣೆ ಎದ್ದ ಮೇಲೇ ಅಲ್ವೇನೋ ನಾವು ಬೇರೆಯಾಗಿದ್ದು?”

“ಹೌದಣ್ಣ. ಕೆಡವಿಬಿಡೋಣ.”

“ಇವತ್ತೇ!”

ಇಬ್ಬರೂ ತಬ್ಬಿಕೊಂಡು ಅತ್ತರು. ಗುಮಾಸ್ತನೂ ಅತ್ತ, ಅವನ ಅಳುವಿನ ಕಾರಣವೇ ಬೇರೆ. ಅವನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಣ್ಣ ಏಣಿ ಹಿಡಿದಿದ್ದ, ತಮ್ಮ ಹತ್ತಿದ್ದ.

ಏದುಸಿರು ಬಿಡುತ್ತ ಸಂಸ್ಥೆಗೆ ಓಡಿ, ನಿರ್ದೇಶಕರ ಕಾಲು ಹಿಡಿದು ಕರೆತಂದ. ಅವರು ಅಣ್ಣತಮ್ಮಂದಿರ ಮಾತು ಕೇಳಿದರು. ಗುಮಾಸ್ತನ ಮಾತು ಕೇಳಿದರು. ಮಂಚದ ಬಳಿ ಬಗ್ಗಿ ಅಮ್ಮನ ನರಳಿಕೆಯನ್ನೂ ತಲೆದೂಗಿ ಕೇಳಿದರು.

“ನೋಡಿ, ಅವರಿಗೆ ಇಡೀ ಕೋಣೆ ಬೀಳಬೇಕು. ನಿಮಗೆ ಇಡೀ ಕೋಣೆ ಉಳೀಬೇಕು. ಎರಡೂ ಅತಿ ಆಯ್ತಲ್ವಾ?”

“ಸಾರ್, ಅಮ್ಮ ಮಲಗಿದ್ದಾಳೆ ಸಾರ್...”

“ಅದಕ್ಕೇ ನಾನು ಯಾರ ಕಡೆಗೂ ವಾಲ್ತಿಲ್ಲ” ಎಂದು ಅವರು ನೆಲದ ನಟ್ಟನಡುವೆ ಸೀಮೆಸುಣ್ಣದ ಗೆರೆ ಎಳೆದರು. ಗೆರೆ ಮಂಚದಡಿ ನುಸುಳಿ, ಅಮ್ಮನ ಸೊಂಟದ ಕೆಳಗೆ ಹಾದು ಆಚೆ ಹೊರಟಿತು. ಅಣ್ಣತಮ್ಮಂದಿರು ಒಪ್ಪಿದರು. ಗುಮಾಸ್ತನ ಬಾಯಿಂದಲೂ ಅಭ್ಯಾಸಬಲದಿಂದ “ಸರಿ ಸಾರ್” ಬಂದುಬಿಟ್ಟಿತು.

ಸಂಜೆಯ ಹೊತ್ತಿಗೆ ಸೋರುತ್ತಿದ್ದ ಅರ್ಧ ಕೋಣೆ ನೆಲಕ್ಕೆ ಬಿದ್ದಿತ್ತು. ಮಳೆ ಶುರುವಾಯಿತು. ಗುಮಾಸ್ತ ಕೊಡೆ ಬಿಚ್ಚಿ ಅಮ್ಮನ ಕಾಲ ಬಳಿ, ಅಂದರೆ ಅಂಗಳದಲ್ಲಿ, ನಿಂತ.

“ಪಾತ್ರೆ ತಗೊಳ್ಳೋ. ಇನ್ನು ಬೇಡ” ಎಂದಳು ಅಮ್ಮ. ತಲೆಯ ಮೇಲೆ ಉಳಿದಿದ್ದ ಹೆಂಚು ನೋಡಿ, “ನಿಮ್ಮ ಸಾಹೇಬ್ರು ನ್ಯಾಯವಂತರು ಕಣೋ. ತಲೆ ನಿನ್ನ ಪಾಲಿಗೆ ಬಿಟ್ಟಿದ್ದಾರೆ” ಎಂದಳು.