ಮೂರನೆಯ ಮುದ್ದೆಯ ಮಹಾಸಮರ

ಪಕ್ಕೆಲುಬಿನ ಕೋಟೆಯೊಳಗೆ ಹಗಲಿರುಳೆನ್ನದೆ ನಗಾರಿ ಬಾರಿಸುವ ಹೃದಯವೇ, ಯಾರೂ ಹೇಳದೆ ಏರಿಳಿಯುವ ಶ್ವಾಸವೇ, ಒಡೆಯನ ಅಪ್ಪಣೆಗೆ ಕಾಯದೆ ಅನ್ನ ಅರೆಯುವ ಜಠರವೇ, ನಿಮಗೆ ನಮಸ್ಕಾರ. ಬೀಗರು ಬೀಗರನ್ನು ಉಂಡು ಸೋಲಿಸುತ್ತಿದ್ದ ಧೀರಯುಗದಲ್ಲಿ, ಮದ್ದೂರು ಸೀಮೆಯ ರಾಗಿಪಿಂಡಭಂಜನ, ನಾಟಿಕೋಳಿಕುಲಾಂತಕ, ಕ್ಷಿಪ್ರಕೋಪಚಕ್ರವರ್ತಿ ಮಾಯಿಗೌಡನು ತನ್ನ ದೇಹವೆಂಬ ರಾಜ್ಯದೊಳಗೇ ಹೂಡಿದ ಯುದ್ಧದ ಕಥೆ ಹೇಳುತ್ತೇನೆ. ಹಸಿವಿಲ್ಲದವರು ಎದ್ದು ಹೋಗಬಹುದು.

ಸಮರಕ್ಕೆ ಕಾರಣ ಒಂದು ಹೆಸರು. ಮಾಯಿಗೌಡನ ಮಗಳು ಲತಾಮಣಿ ಹೆತ್ತ ಮೂರು ತಿಂಗಳ ಹೆಣ್ಣುಕೂಸಿಗೆ ಆ ಭಾನುವಾರ ಅವನ ಮನೆಯಲ್ಲಿ ನಾಮಕರಣ. ಗಂಡ ಸತ್ತ ಮೇಲೆ ಕಂಡವರ ಗದ್ದೆಯಲ್ಲಿ ಕಳೆ ಕಿತ್ತು ತನ್ನನ್ನು ಸಾಕಿದ ತಾಯಿ ಹುಚ್ಚಮ್ಮನ ಹೆಸರೇ ಆಗಬೇಕೆಂದು ಮಾಯಿಗೌಡನ ಹಟ. ತನ್ನ ತಾಯಿ ದ್ಯಾವೀರಮ್ಮನ ಹೆಸರೇ ಆಗಬೇಕೆಂದು ಲತಾಮಣಿಯ ಮಾವ ಹಲಗೇಗೌಡನ ಹಟ. ಮಾತು ಬೆಳೆದು ಬೆಳೆದು, ಕೊನೆಗೆ ಇಬ್ಬರೂ ಒಪ್ಪಿದ ಯುದ್ಧಧರ್ಮ ಇದು: ನೀರು ಮುಟ್ಟದೆ ಮೂರು ಮುದ್ದೆಯನ್ನು ಮೊದಲು ಮುಗಿಸಿದವನೇ ಕೂಸಿನ ಕಿವಿಯಲ್ಲಿ ಹೆಸರು ಹೇಳತಕ್ಕದ್ದು; ನಾಲ್ಕೂವರೆಗೆ ರಾಹುಕಾಲ, ಅದಕ್ಕೆ ಮೊದಲೇ ಹೇಳತಕ್ಕದ್ದು. ಕೂಸಿನ ತಾಯಿಯನ್ನು ಯಾರೂ ಕೇಳಲಿಲ್ಲ.

ಪಂಕ್ತಿಯಲ್ಲಿ ಎದುರುಬದುರು ಕೂತ ವೀರರಿಬ್ಬರೂ ಎರಡೆರಡು ಮುದ್ದೆಯನ್ನು ಸಲೀಸಾಗಿ ಇಳಿಸಿದರು. ಮೂರನೆಯದು ಎಲೆಗೆ ಬಿದ್ದಾಗ ಹಲಗೇಗೌಡ ಮೀಸೆ ಒರೆಸಿಕೊಂಡು, "ದ್ಯಾವೀರಮ್ಮ ತೊಳ್ಸಿದ್ ಮುದ್ದೆ ಉಂಡು ಬೆಳ್ದಿರೋ ಗಂಟ್ಲು ಕಣ್ರೀ ಇದು, ಬೀಗ್ರೇ. ಇದ್ಕೆ ಬಾಗ್ಲಿಲ್ಲ, ಬರೀ ದಾರಿ," ಎಂದ. ಮಾಯಿಗೌಡನೂ ತಾನು ಈವರೆಗೆ ನುಂಗಿದ ಮುದ್ದೆಗಳನ್ನು ಒಟ್ಟಿದರೆ ಮದ್ದೂರು ಕೆರೆಗೆ ಏರಿ ಕಟ್ಟಬಹುದೆಂದು ಸಾರಿದ. ಅಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಹಲಗೇಗೌಡ ತಣ್ಣಗೆ ಇನ್ನೊಂದು ಬಾಣ ಬಿಟ್ಟ. "ಹುಚ್ಚಮ್ಮ ಅಂತ ಹೆಸ್ರಿಟ್ರೆ ಇಸ್ಕೂಲಲ್ಲಿ ಐಕ್ಳು ಕಲ್ ಹೊಡ್ದಾವು."

ಮಾಯಿಗೌಡನ ಮಿದುಳಿನ ಬುಡದಲ್ಲಿ, ಬಾದಾಮಿಯಷ್ಟು ಜಾಗದಲ್ಲಿ ಕೂತು ಒಳನಾಡನ್ನು ಆಳುವ ಹೈಪೋತಲಾಮಸ್ ಎಂಬ ದೊರೆ ಆ ಕ್ಷಣವೇ ರಣಕಹಳೆ ಊದಿಸಿದ. ಈ ರಾಜ್ಯದ ಎರಡು ನರಜಾಲಗಳೇ ಅವನ ಇಬ್ಬರು ದಂಡನಾಯಕರು. ಒಬ್ಬ ಅನುವೇದಕ: ಎದೆ ಸೊಂಟಗಳ ಮಟ್ಟದ ಬೆನ್ನುಹುರಿಯಿಂದ ಹೊರಟು, ಬೆನ್ನುಮೂಳೆಯ ಇಕ್ಕೆಲದಲ್ಲೂ ನರಗಂಟುಗಳ ಠಾಣೆಗಳನ್ನು ಮಣಿಸರದಂತೆ ಕಟ್ಟಿಕೊಂಡ ಮುಂಗೋಪಿ, ಹೊಡಿ ಇಲ್ಲವೇ ಓಡು, ಇಷ್ಟೇ ಅವನಿಗೆ ಬರುವ ಮಾತು. ಇನ್ನೊಬ್ಬ ಪರಾನುವೇದಕ: ಮಿದುಳಿನ ಕಾಂಡದಲ್ಲೊಂದು, ಬೆನ್ನಿನ ತುದಿಯಲ್ಲೊಂದು ಮನೆ ಮಾಡಿಕೊಂಡು, ಉಣ್ಣು, ಅರಗಿಸು, ಮಲಗು ಎನ್ನುವ ಸಮಾಧಾನಿ. ಅವನ ಸರದಾರ ವೇಗಸ್ ನರ, ಕತ್ತಿನಿಂದ ಇಳಿದು ಹೃದಯ, ಶ್ವಾಸಕೋಶ, ಜಠರ ಎಲ್ಲರನ್ನೂ ಮಾತಾಡಿಸಿಕೊಂಡು ಬರುವ ಅಲೆಮಾರಿ. ಎರಡು ಮುದ್ದೆಯವರೆಗೆ ಆಳಿದ್ದು ಇವನೇ.

ಈಗ ಅನುವೇದಕ ಧುಮುಕಿದ. ಮೂತ್ರಪಿಂಡಗಳ ನೆತ್ತಿಯ ಮೇಲಿನ ಗ್ರಂಥಿಗಳು ಅಡ್ರಿನಲಿನ್ ಎಂಬ ಮದ್ದನ್ನು ರಕ್ತಕ್ಕೆ ಸುರಿದವು. ಎದೆ ತಮಟೆಯಾಯಿತು. ಕಣ್ಣಪಾಪೆ ಹಿಗ್ಗಿತು, ಹಣೆ ಬೆವರಿತು, ತೋಳಿನ ಕೂದಲು ನೆಟ್ಟಗೆ ನಿಂತವು, ಜಠರದ ಗಾಣ ಕಿರ್ರೆಂದು ನಿಂತಿತು. ಎಲ್ಲಕ್ಕಿಂತ ಘೋರವಾಗಿ, ಜೊಲ್ಲಿನ ಕಾಲುವೆಗೆ ತೂಬು ಬಿತ್ತು. ಆ ಗಳಿಗೆಯಲ್ಲಿ ಮಾಯಿಗೌಡ ಹುಲಿಯನ್ನಾದರೂ ಸೀಳಬಲ್ಲವನಾಗಿದ್ದ, ಎದುರಿದ್ದದ್ದು ಮುದ್ದೆ. ಬಾಯಿಗಿಟ್ಟ ತುತ್ತು ಒಣಗಂಟಲಲ್ಲಿ ಧರಣಿ ಕೂತಿತು. ಆಗ ಅವನು, ತನ್ನ ವಂಶದಲ್ಲಿ ಯಾರೂ ಮಾಡದ ಅಕಾರ್ಯ ಮಾಡಿದ.

ಮುದ್ದೆಯನ್ನು ಅಗಿದ.

ಪಂಕ್ತಿಗೆ ಪಂಕ್ತಿಯೇ ಕೈ ನಿಲ್ಲಿಸಿ ನೋಡಿತು. ಅಗಿದ ರಾಗಿ ಹಲ್ಲಿಗೆಲ್ಲ ಗಾರೆಯಂತೆ ಮೆತ್ತಿಕೊಂಡಿತು.

"ಯಾಕ್ ಬೀಗ್ರೇ, ಮುದ್ದೇಲಿ ಮೂಳೆ ಸಿಕ್ತಾ?" ಎಂದ ಹಲಗೇಗೌಡ.

ಮಾಯಿಗೌಡನ ಹೆಂಡತಿ ಚಿಕ್ಕತಾಯಮ್ಮ ಆ ರಾಜ್ಯದ ಹವಾಮಾನವನ್ನು ಮೂವತ್ತು ವರ್ಷದಿಂದ ಬಲ್ಲವಳು. ಸಾರಿನ ಪಾತ್ರೆ ಕೆಳಗಿಟ್ಟು, ಕೂಸನ್ನು ತಂದು ಅವನ ತೊಡೆಗೆ ಹಾಕಿದಳು. "ಹಿಡ್ಕಳಿ. ಮೊದ್ಲು ಉಸ್ರು ಬುಡಿ, ಮೆಲ್ಲಗ್ ಬುಡಿ. ನಿಮ್ಮವ್ವನ್ ಮೂಗೇ ಬಂದದೆ ಇದ್ಕೆ, ನೋಡಿ."

ನೋಡಿದ. ಹೌದು, ಅದೇ ಮೊಂಡುಮೂಗು. ಅವನಿಗೆ ತಿಳಿಯದಂತೆ ಒಂದು ಉದ್ದನೆಯ ಉಸಿರು ಹೊರಗೆ ಹೋಯಿತು. ಆ ಉಸಿರಿನ ಬೆನ್ನಿಗೇ ವೇಗಸ್ ಸರದಾರ ಓಡುವ ಹೃದಯಕ್ಕೆ ಮೂಗುದಾರ ಹಾಕಿದ. ಅಷ್ಟರಲ್ಲಿ ಕೂಸು, ತನ್ನ ನಿಂಬೆಹಣ್ಣಿನಷ್ಟು ಮೂತ್ರಕೋಶ ತುಂಬಿದ್ದರಿಂದ, ಯಾವ ದೊರೆಯನ್ನೂ ಕೇಳದೆ ತಾತನ ಹೊಸ ಪಂಚೆಯ ಮೇಲೆ ಬಿಸಿಬಿಸಿಯಾಗಿ ಸುರಿದುಬಿಟ್ಟಿತು. ಮಾಯಿಗೌಡ ಹೊಟ್ಟೆ ಕುಣಿಯುವಂತೆ ನಕ್ಕ. ತೂಬು ಎದ್ದಿತು, ಕಾಲುವೆ ಹರಿಯಿತು, ಗಂಟಲು ಸಡಿಲವಾಯಿತು. ಒದ್ದೆ ಪಂಚೆಯಲ್ಲೇ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಗುಳುಂ ಎಂದು ನುಂಗುತ್ತ ಹೋದ. ಆ ನಗುವನ್ನು ತನ್ನ ಮೇಲೆ ನಕ್ಕದ್ದೆಂದು ತಿಳಿದ ಹಲಗೇಗೌಡನಿಗೆ ಈಗ ಕೋಪ ಬಂತು. ಕೋಪ ಬಂದದ್ದೇ ಅವನ ಬಾಯಿಯೂ ಒಣಗಿತು. ಕೊನೆಯ ಎರಡು ತುತ್ತು ಎಲೆಯಲ್ಲೇ ಉಳಿದವು.

ಜಯಶಾಲಿ ಮಾಯಿಗೌಡ ಕೈತೊಳೆದು, ಹುಚ್ಚಮ್ಮನ ಹೆಸರನ್ನು ಗಂಭೀರವಾಗಿ ಹೇಳಲು ಕೊಂಚ ದಣಿವಾರಿಸಿಕೊಳ್ಳೋಣವೆಂದು ಜಗಲಿಯ ಕಂಬಕ್ಕೆ ಒರಗಿದ. ಆಗ ಗಂಟೆ ಮೂರೂ ಕಾಲು. ಗೆದ್ದ ದಂಡನಾಯಕ ಪರಾನುವೇದಕ ತನ್ನ ಕೆಲಸ ನಿಲ್ಲಿಸಿದರೆ ತಾನೇ. ರಕ್ತವನ್ನೆಲ್ಲ ಜಠರಕ್ಕೆ ಹರಿಸಿದ, ಎದೆಬಡಿತ ಇಳಿಸಿದ, ರೆಪ್ಪೆ ಎಳೆದ. ಹೆಸರಿಗೆಂದು ತೆರೆದ ಬಾಯಲ್ಲಿ ಆಕಳಿಕೆ ಬಂತು, ಅದರ ಹಿಂದೆ ಗೊರಕೆ. ಎದುರು ಜಗಲಿಯಲ್ಲಿ ಹಲಗೇಗೌಡನೂ ಉರುಳಿದ. ನಾಲ್ಕು ಗಂಟೆಗೆ ಎಬ್ಬಿಸಿದರು, ಏಳಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಮುದುಕಿಯರು ಗಾಬರಿಯಾದಾಗ ಲತಾಮಣಿ ವೀಳ್ಯದೆಲೆ ಅಡ್ಡ ಹಿಡಿದು, ಮಗಳ ಕಿವಿಯಲ್ಲಿ ಮೂರು ಸಲ ಹೇಳಿ ಮುಗಿಸಿದಳು.

ಐದಕ್ಕೆ ಎದ್ದ ಮಾಯಿಗೌಡ, ಏನಂತ ಇಟ್ಟರೆಂದು ಕೇಳಿದ.

"ಸಿಂಚನ ಅಂತ ಕಣಪ್ಪ," ಎಂದಳು ಲತಾಮಣಿ.

ಕ್ಷಿಪ್ರಕೋಪಚಕ್ರವರ್ತಿ ಎದ್ದು ನಿಂತ. ಒಳಗೆ ಕಹಳೆ ಮೊಳಗಿತು, ಠಾಣೆಠಾಣೆಗೂ ಸುದ್ದಿ ಹೋಯಿತು, ಎದೆ ಉಬ್ಬಿತು. ಆದರೆ ದಾರಿಯಲ್ಲಿ ಮೂರು ಮುದ್ದೆ ಮಲಗಿದ್ದವು. ಸೀಮೆಯೇ ನಡುಗುವಂತೆ ಗರ್ಜಿಸಲು ಬಾಯಿ ತೆರೆದ.

ತೇಗು ಬಂತು. ಎದುರು ಜಗಲಿಯಿಂದ ಹಲಗೇಗೌಡನೂ ಅದಕ್ಕೆ ಉತ್ತರವಾಗಿ ತೇಗಿದ.