ಕುಂಡದಲ್ಲಿ ಮೂರು, ನೆಲದಲ್ಲಿ ನಾಲ್ಕು

ಜೀವಮಾನದಲ್ಲಿ ಒಂದು ಪಾರ್ಕಿಂಗ್ ದಂಡ ಕೂಡ ಕಟ್ಟದ ಮನುಷ್ಯ ನಾನು. ಲೈಬ್ರರಿ ಪುಸ್ತಕವನ್ನು ಎರಡು ದಿನ ಮುಂಚೆಯೇ ಹಿಂದಿರುಗಿಸುವವನು. ಅಂಥ ನಾನು, ತೊಂಬತ್ತರ ದಶಕದ ಒಂದು ಏಪ್ರಿಲ್ ತಿಂಗಳಲ್ಲಿ, ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಸರ್ಕಾರದ ಮೇಜಿನ ಮೇಲಿರುವಾಗ, ಅಮೆರಿಕದ ಡರ್ಹಮ್ಮಿನ ಮನೆಯ ಹಿತ್ತಲಲ್ಲಿ ಗಾಂಜಾ ಬೆಳೆಯಲು ತೀರ್ಮಾನಿಸಿದೆ. ಸೇತುವೆಗಳ ಲೆಕ್ಕ ಹಾಕುವ ಇಂಜಿನಿಯರಿಗೆ ಒಂದು ಗಿಡ ಬೆಳೆಸುವುದು ಯಾವ ಮಹಾ ಕೆಲಸ!

ಕಾರಣ ಗಂಗಕ್ಕ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ಭಾವ ಇಲ್ಲಿ ಡಾಕ್ಟರಾಗಿದ್ದರು. ಅವರು ತೀರಿಕೊಂಡ ಮೇಲೆ ನಾನೂ ನನ್ನ ಹೆಂಡತಿ ರೋಹಿಣಿಯೂ ಅಕ್ಕನ ಮನೆಗೇ ಬಂದು ನೆಲೆಸಿದ್ದೆವು. ಆ ವರ್ಷ ಅಕ್ಕನಿಗೆ ಕ್ಯಾನ್ಸರ್ ಎಂದರು. ಚಿಕಿತ್ಸೆ ಶುರುವಾದ ಮೇಲೆ ಅವಳ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಉಪ್ಪು ಬಿಸ್ಕತ್ತು, ಐಸಿನ ಚೂರು, ಅಷ್ಟೇ. ಜೋಳದ ರೊಟ್ಟಿಯ ವಾಸನೆ ಬಂದರೆ ಮುಖ ತಿರುಗಿಸುತ್ತಿದ್ದಳು. ಬಾಗಲಕೋಟೆಯವಳು ರೊಟ್ಟಿಗೆ ಮುಖ ತಿರುಗಿಸುವುದೆಂದರೆ ರೋಗ ಸಾಮಾನ್ಯದ್ದಲ್ಲ.

ಆಫೀಸಿನಲ್ಲಿ ನಕ್ಷೆ ಬರೆಯುವ ಗ್ಯಾರಿ ನನ್ನನ್ನು ಪಕ್ಕಕ್ಕೆ ಕರೆದು, "ನನ್ನ ತಮ್ಮನಿಗೂ ಹೀಗೇ ಆಗಿತ್ತು, ಗಾಂಜಾ ಕೊಟ್ಟ ಮೇಲೆಯೇ ಹಸಿವಾದದ್ದು" ಎಂದ. ಮರುದಿನ ಫೋಟೋ ಫಿಲ್ಮಿನ ಒಂದು ಪುಟ್ಟ ಡಬ್ಬಿ ಕೊಟ್ಟ. ಒಳಗೆ ಏಳು ಬೀಜ ಇವೆ ಎಂದ. "ಕುಂಡದಲ್ಲಿ ಹಾಕು. ಯಾರಾದರೂ ಬಂದರೆ ಎತ್ತಿ ಬಚ್ಚಿಡಬಹುದು."

ಡಬ್ಬಿಯನ್ನು ಅಡಿಗೆಮನೆಯ ಡ್ರಾಯರಿನಲ್ಲಿಟ್ಟೆ. ಭಾವನಿಗೆ ಫೋಟೋ ಹುಚ್ಚಿದ್ದುದರಿಂದ ಆ ಡ್ರಾಯರಿನಲ್ಲಿ ಅಂಥವೇ ಎಂಟು-ಹತ್ತು ಡಬ್ಬಿಗಳಿದ್ದವು. ಅಕ್ಕ ಅವುಗಳಲ್ಲಿ ಊರಿನ ಕಾಳು, ಬೀಜ ತುಂಬಿಟ್ಟಿದ್ದಳು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಲ್ಲೇ ಇಟ್ಟೆ. ಒಂದು ವಾರ ಬಿಟ್ಟು ತೆಗೆದು ನೋಡಿದರೆ ಏಳು ಬೀಜದ ಬದಲು ಇಪ್ಪತ್ತಕ್ಕೂ ಹೆಚ್ಚಿದ್ದವು. ಗ್ಯಾರಿ ಎಂಥ ಉದಾರಿ ಎಂದುಕೊಂಡೆ!

ಪಕ್ಕದ ಮನೆಯ ಅರ್ಲ್ ನಲವತ್ತು ವರ್ಷ ಹೊಗೆಸೊಪ್ಪು ಬೆಳೆದ ಮುದುಕ. ಬೇಲಿಯ ಹತ್ತಿರ ನಿಂತು, ಟೊಮ್ಯಾಟೊ ಬೆಳೆಯಬೇಕು, ಕುಂಡವೋ ನೆಲವೋ ಎಂದು ಕೇಳಿದೆ.

"ಕುಂಡದಲ್ಲಿ ಗಿಡ ಬೆಳೆಯೋದಿಲ್ಲ, ನೀನು ನೀರು ತರೋದನ್ನ ಕಾಯ್ತಾ ಇರುತ್ತೆ. ನೆಲಕ್ಕೆ ಹಾಕು."

ಇಬ್ಬರು ತಜ್ಞರು, ಎರಡು ಅಭಿಪ್ರಾಯ. ವೈಜ್ಞಾನಿಕ ಮನೋಭಾವದ ನಾನು ಎರಡನ್ನೂ ಪರೀಕ್ಷಿಸಲು ಹೊರಟೆ. ಗ್ಯಾರಿ ಹೇಳಿದ ಏಳರ ಲೆಕ್ಕಕ್ಕೇ ನಿಂತು ಕುಂಡದಲ್ಲಿ ಮೂರು, ನೆಲದಲ್ಲಿ ನಾಲ್ಕು ಬೀಜ ಹಾಕುವುದೆಂದಾಯಿತು.

ರೋಹಿಣಿ ಮೈಸೂರಿನವಳು. ಸಮಾಧಾನವಾಗಿಯೇ ಕೇಳಿದಳು. "ರೀ, ನಿಮಗೇನಾದ್ರೂ ತಲೆ ಕೆಟ್ಟಿದ್ಯಾ? ಅರೆಸ್ಟ್ ಮಾಡಿ ಡಿಪೋರ್ಟ್ ಮಾಡಿದ್ರೆ ಅಕ್ಕನ್ನ ಹಾಸ್ಪಿಟಲ್‌ಗೆ ಯಾರು ಡ್ರೈವ್ ಮಾಡ್ತಾರೆ? ಡಾಕ್ಟರನ್ನೇ ಒಂದು ಮಾತು ಕೇಳಿ."

"ಅಕ್ಕನಿಗೆ ಗಾಂಜಾ ಕೊಡ್ಲಾ ಅಂತ ಡಾಕ್ಟರನ್ನ ಕೇಳ್ಲಾ? ಪೊಲೀಸಿಗೆ ಫೋನ್ ಮಾಡಿದ್ರೆ?"

ಆಕೆ ಎದ್ದು ಪಾತ್ರೆ ತೊಳೆಯಲು ಹೋದಳು. ನಾನು ಗೆದ್ದೆ ಎಂದು ತಿಳಿದೆ.

ಮೊದಲು ನೆಲ. ಇಲ್ಲಿಯ ಕೆಂಪು ಜೇಡಿಮಣ್ಣು ಅಂದರೆ ಅರೆಸುಟ್ಟ ಇಟ್ಟಿಗೆ. ಸಲಿಕೆಯ ಹಿಡಿ ಮುರಿಯಿತು. ಅರ್ಲ್‌ನಿಂದ ಗುದ್ದಲಿ ತಂದು, ಶೆಡ್ಡಿನ ಹಿಂದೆ, ಮೂರನೆಯ ಗುಂಡಿಗೆ ಬಲವಾಗಿ ಒಂದು ಏಟು ಹಾಕಿದೆ. ಕಪ್ಪು ತಂತಿಯೊಂದು ಎರಡಾಗಿ ಮೇಲೆದ್ದು ಬಂತು. ಇಡೀ ಬೀದಿಯ ಕೇಬಲ್ ಟಿವಿ! ಅಂದು ಬ್ಯಾಸ್ಕೆಟ್‌ಬಾಲ್ ಪಂದ್ಯ ಬೇರೆ. ಮೂರು ವರ್ಷ ನನ್ನ ಹೆಸರು ಕೇಳದಿದ್ದ ನೆರೆಹೊರೆಯವರೆಲ್ಲ ಅಂದು ಒಂದೇ ಗಂಟೆಯಲ್ಲಿ ಅದನ್ನು ಕಲಿತರು. ರಹಸ್ಯವಾಗಿ ಕೃಷಿ ಮಾಡಲು ಹೊರಟವನ ಹಿತ್ತಲಲ್ಲಿ ಕೇಬಲ್ ಕಂಪನಿಯ ಇಬ್ಬರು, ಬೇಲಿಯಾಚೆ ಹನ್ನೊಂದು ಜನ.

"ಏನು ನೆಡ್ತಾ ಇದ್ದೀರಿ?" ಎಂದು ಕೇಬಲ್‌ನವನು ಕೇಳಿದ.

"ಟೊಮ್ಯಾಟೊ" ಎಂದು ಕಿರುಚಿದೆ. ಅಷ್ಟು ಜೋರಾಗಿ ಟೊಮ್ಯಾಟೊ ಎಂದವರು ಈ ರಾಜ್ಯದಲ್ಲಿ ಇರಲಾರರು.

ಕುಂಡದ ಕಥೆ ಇನ್ನೂ ಘೋರ. ಕಪ್ಪು ಪ್ಲಾಸ್ಟಿಕ್ ಬಕೆಟ್ಟುಗಳಿಗೆ ಮಣ್ಣು ತುಂಬಿದೆ, ತಳಕ್ಕೆ ತೂತು ಕೊರೆಯುವುದನ್ನು ಮರೆತೆ. ಸಸಿಗಳು ಮುಳುಗಿದವು. ತೂತು ಕೊರೆದೆ, ಒಣಗಿದವು. ಸಾಲದ್ದಕ್ಕೆ ಹೆಲಿಕಾಪ್ಟರ್. ಪೊಲೀಸರು ಆಕಾಶದಿಂದಲೇ ಗಾಂಜಾ ಪತ್ತೆ ಹಚ್ಚುತ್ತಾರೆಂದು ಗ್ಯಾರಿ ಎಚ್ಚರಿಸಿದ್ದ. ಹಾಗಾಗಿ ಫಟಫಟ ಸದ್ದು ಕೇಳಿದೊಡನೆ ಮೂರು ಬಕೆಟ್ ಹೊತ್ತು ಗರಾಜಿಗೆ ಓಡುತ್ತಿದ್ದೆ, ಸದ್ದು ನಿಂತ ಮೇಲೆ ಮತ್ತೆ ಹೊರಗೆ. ಒಂದು ಭಾನುವಾರ ಐದು ಸಲ ಓಡಿದೆ. ಆರನೆಯ ಸಲ ಸೊಂಟ ಹಿಡಿದು, ಬಕೆಟ್ ಅಪ್ಪಿಕೊಂಡೇ ನೆಲಕ್ಕೆ ಕೂತೆ.

ಅಕ್ಕ ಮಹಡಿಯ ಕಿಟಕಿಯಿಂದ ಕೇಳಿದಳು. "ಮಾಧ್ಯಾ, ಏನ್ ಮಾಡಾಕತ್ತೀಯೋ?"

"ಹೆಲಿಕಾಪ್ಟರ್ ಬಂತಕ್ಕಾ!"

"ಅದು ದವಾಖಾನಿ ಹೆಲಿಕಾಪ್ಟರೋ. ಪೇಷಂಟ್ ತರ್ತದ. ನಿಮ್ಮ ಭಾವ ಇದ್ದಾಗಿಂದ ದಿನಾ ಹಿಂಗ ಬರ್ತದ."

ಅಷ್ಟು ಮಾತಾಡಿದ್ದಕ್ಕೇ ದಣಿದು ಅವಳು ಕಿಟಕಿಯ ಪರದೆ ಎಳೆದುಕೊಂಡಳು. ನಾನು ಅಲ್ಲೇ ಕೂತಿದ್ದೆ. ಏಳಲು ಬರುತ್ತಿರಲಿಲ್ಲ.

ಜುಲೈ ಮುಗಿಯುವಷ್ಟರಲ್ಲಿ ಕುಂಡದ ಮೂರೂ ಸತ್ತವು. ನೆಲದ ನಾಲ್ಕು ಮಾತ್ರ ನನ್ನ ಆರೈಕೆಯಿಂದ ದೂರವಿದ್ದ ಕಾರಣ ಸೊಂಪಾಗಿ ಎದ್ದವು. ಆಗಸ್ಟಿಗೆ ನನಗಿಂತ ಎತ್ತರ. ಎಲೆಗಳು ಬೆರಳು ಬಿಡಿಸಿದ ಹಸ್ತದಂತೆ, ಅಂಚಿಗೆ ಗರಗಸದ ಹಲ್ಲು. ಸಂಶಯವೇ ಇಲ್ಲ, ಪತ್ರಿಕೆಗಳ ಚಿತ್ರದಲ್ಲಿರುವ ಎಲೆಯೇ!

ಒಂದು ದಿನ ಅರ್ಲ್ ಬೇಲಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ಆ ಗಿಡಗಳನ್ನು ನೋಡಿದ. "ಇಂಥ ಟೊಮ್ಯಾಟೊ ನಾನು ನೋಡಿಲ್ಲ" ಎಂದ. ಆಮೇಲೆ ಅಕ್ಕನ ಕಿಟಕಿ ನೋಡಿದ. "ನನ್ನ ಹೆಂಡತಿಗೂ ಕೊನೆಗೆ ಊಟ ಸೇರ್ತಿರಲಿಲ್ಲ." ಒಳಗೆ ಹೋಗಿ ನಾಲ್ಕು ಆಸರೆ ಕೋಲು ತಂದು, ಗಾಳಿಗೆ ಬೀಳದಂತೆ ಗಿಡಗಳಿಗೆ ತಾನೇ ಕಟ್ಟಿದ.

ಅಕ್ಕನ ಕೈ ಹಿಡಿದರೆ ಈಗ ಬಳೆಯಷ್ಟೂ ಭಾರವಿರಲಿಲ್ಲ. ಕಾಯುವುದು ಸಾಕೆಂದು ಒಂದು ಶನಿವಾರ ಬೆಳಿಗ್ಗೆ ಹಿಡಿ ಎಲೆ ಕೊಯ್ದೆ. ಭಂಗಿಸೊಪ್ಪನ್ನು ಹಾಲಿನಲ್ಲಿ ಕುದಿಸಬೇಕೆಂದು ಎಲ್ಲೋ ಕೇಳಿದ ನೆನಪು. ಎಲೆ ಅರೆದು, ಏಲಕ್ಕಿ ಹಾಕಿ ಕುದಿಸಿದೆ. ಹಾಲು ಒಡೆಯಿತು. ಹಾಲು ಹಳತೆಂದು ಹೊಸದು ತಂದೆ. ಅದೂ ಒಡೆಯಿತು. ಮೂರನೆಯದು ಇನ್ನೂ ಬೇಗ ಒಡೆಯಿತು. ಔಷಧದ ತೀಕ್ಷ್ಣತೆಯೇ ಅಂಥದ್ದು ಎಂದು ಸೋಸಿದೆ.

ಅಕ್ಕನಿಗೆ ಕೊಡುವ ಮುನ್ನ ಪರೀಕ್ಷಿಸುವುದು ತಮ್ಮನ ಕರ್ತವ್ಯ. ನಾಲ್ಕು ಚಮಚ ಕುಡಿದು ಸೋಫಾದ ಮೇಲೆ ಒರಗಿದೆ. ಹತ್ತು ನಿಮಿಷಕ್ಕೆ ಚಾವಣಿ ನಿಧಾನವಾಗಿ ತಿರುಗತೊಡಗಿತು.

"ರೋಹಿಣಿ, ಲೋಕ ತಿರುಗ್ತಿದೆ!"

"ಫ್ಯಾನ್ ಆನ್ ಇದೆ ರೀ."

ಆದರೂ ನನಗೆ ನಂಬಿಕೆ ಬಂದಿತ್ತು. ಬಟ್ಟಲು ಹಿಡಿದು ಮೇಲೆ ಹೋದೆ. "ಔಷಧ ಅಕ್ಕಾ. ಯಾವುದು ಅಂತ ಕೇಳಬ್ಯಾಡ" ಎಂದೆ. ಅವಳು ಒಂದು ಚಮಚ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ನನಗೆ ಭಯವಾಯಿತು.

"ಮಾಧ್ಯಾ," ಎಂದಳು ಕೊನೆಗೆ, "ಪುಂಡಿಪಲ್ಯೆ ಹಾಲಾಗ ಯಾಕ ಕುದಿಸೀಯೋ?"

ಪುಂಡಿ! ಹುಟ್ಟಿದಾಗಿನಿಂದ ರೊಟ್ಟಿಯ ಜೊತೆ ತಿಂದು ಬೆಳೆದ ಹುಳಿಸೊಪ್ಪು! ಊರಿನಲ್ಲಿ ಅದು ನನಗೆ ತಟ್ಟೆಯಲ್ಲಿ ಬೆಂದು ಬರುತ್ತಿತ್ತೇ ಹೊರತು ಗಿಡವಾಗಿ ಪರಿಚಯವಿರಲಿಲ್ಲ. ಅಕ್ಕನ ಡಬ್ಬಿಯ ಬೀಜವನ್ನು ಬಿತ್ತಿದ್ದೆ. ಹಾಗಾದರೆ ಗ್ಯಾರಿಯ ಏಳು ಬೀಜ ಎಲ್ಲಿ?

"ಒಂದು ಡಬ್ಬೀಲಿ ಏಳೋ ಎಂಟೋ ಹುಳ ಹಿಡಿದ ಕೊತ್ತಂಬರಿ ಬೀಜ ಇತ್ತಲ್ಲ," ಎಂದಳು ರೋಹಿಣಿ ಬಾಗಿಲಲ್ಲಿ ನಿಂತು, "ಏಪ್ರಿಲ್‌ನಲ್ಲೇ ಹಕ್ಕಿಗಳಿಗೆ ಹಾಕ್ಬಿಟ್ಟೆ."

ಎಲ್ಲವನ್ನೂ ಒಪ್ಪಿಕೊಂಡೆ. ಅಕ್ಕ ನಕ್ಕಳು. ತಿಂಗಳುಗಳ ನಂತರದ ನಗು, ನಡುವೆ ಕೆಮ್ಮು, ಕಣ್ಣಲ್ಲಿ ನೀರು. ಪುಂಡಿಪಲ್ಯೆ ಮಾಡಿಸಿ ಎರಡು ತುತ್ತು ತಿಂದಳು. ಅರ್ಧ ಗಂಟೆಗೆ ಎಲ್ಲ ಹೊರಗೆ ಬಂತು. "ಹೊರಗ ಬರೂ ಮುಂದನೂ ರುಚಿ ಇತ್ತೋ" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಮುಂದಿನ ವಾರ ಆಸ್ಪತ್ರೆಯಲ್ಲಿ ಅವಳು ಈ ಕಥೆಯನ್ನು ಹೆಲಿಕಾಪ್ಟರ್ ಸಮೇತ ಡಾಕ್ಟರಮ್ಮನಿಗೆ ಹೇಳಿಬಿಟ್ಟಳು. ನಾನು ಗೋಡೆ ನೋಡುತ್ತ, ಕೈಕೋಳಕ್ಕೆ ಸಿದ್ಧನಾಗಿ ನಿಂತಿದ್ದೆ. ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟರು.

"ಪ್ರತಿ ಸಲ ಕೇಳಿದಾಗಲೂ ಊಟ ಸೇರುತ್ತಿದೆ, ಫೈನ್, ಅಂತ ಇಬ್ಬರೂ ಹೇಳಿದಿರಲ್ಲ?"

ಹೌದು, ಹೇಳಿದ್ದೆವು. ಅಷ್ಟು ದೊಡ್ಡವರಿಗೆ ತೊಂದರೆ ಕೊಡಬಾರದೆಂದು ಅಕ್ಕ ಫೈನ್ ಎಂದಿದ್ದಳು. ಒಂದು ಮಾತು ಆಡಿದರೆ ಗುಟ್ಟೆಲ್ಲ ಹೊರಬಿದ್ದೀತೆಂದು ನಾನೂ ಹಾಗೆಯೇ ಹೇಳಿದ್ದೆ.

"ಗಾಂಜಾದಲ್ಲಿರುವ ಅದೇ ವಸ್ತುವಿನ ಮಾತ್ರೆ ಇದೆ. ಕಾನೂನುಬದ್ಧವಾಗಿ. ಎಷ್ಟೋ ವರ್ಷಗಳಿಂದ." ಚೀಟಿ ಹರಿದು ಕೊಟ್ಟರು.

ಮನೆಯಿಂದ ಏಳು ನಿಮಿಷದ ದಾರಿಯ ಔಷಧಿ ಅಂಗಡಿ. ಕೌಂಟರಿನ ಹುಡುಗಿ ಸಹಿ ಮಾಡಿ ಎಂದಳು. ಮಾಡಿದೆ. ಕಾಗದದ ಚೀಲ ಕೊಟ್ಟು, ಒಳ್ಳೆಯ ದಿನವಾಗಲಿ ಎಂದಳು.

ಮೂರು ದಿನದ ಮೇಲೆ ಅಕ್ಕ ಒಂದು ಬಟ್ಟಲು ಮೊಸರನ್ನ ತಿಂದಳು. ಅದು ನಿಂತಿತು. "ಇದನ್ನ ಎಲ್ಲಿ ಬೆಳದೀಯೋ," ಎಂದಳು, "ಕುಂಡದಾಗೋ, ನೆಲದಾಗೋ?"

ಡಿಸೆಂಬರಿನಲ್ಲಿ ಅಕ್ಕ ಹೋದಳು. ಕೊನೆಯ ಮೂರು ತಿಂಗಳು ಅಷ್ಟಿಷ್ಟು ಊಟ ಮಾಡಿದಳು. ಅದಕ್ಕೂ ಮುಂಚಿನ ಐದು ತಿಂಗಳು ಅವಳು ಹಸಿದಿದ್ದು ರೋಗದಿಂದ ಅಂತ ಬಂದವರೆಲ್ಲ ಅಂದುಕೊಂಡರು. ಹನ್ನೆರಡನೆಯ ದಿನ ಊಟಕ್ಕೆ ಕೂತಾಗ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, "ಮಾಧವ ಬಹಳ ಜಾಗರೂಕ ಮನುಷ್ಯ. ಅಕ್ಕನ್ನ ಚೆನ್ನಾಗಿ ನೋಡ್ಕೊಂಡ" ಎಂದರು.

ರೋಹಿಣಿ ಅನ್ನ ಬಡಿಸುತ್ತಿದ್ದವಳು ನನ್ನ ಮುಖ ನೋಡಿದಳು. ನನ್ನ ಎಲೆಗೆ ಅನ್ನ ಹಾಕಿ ಮುಂದಕ್ಕೆ ಹೋದಳು.